ಹಂದಿ ರೂಪಾಯಿ ಮತ್ತು ಕಾಂತರಾಜರ ಸ್ಕೇಲು

ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ ನನ್ನದೊಂದು ಹಳೇ ನಾಣ್ಯದ ಅಂಗಡಿ ಇದೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ನಾನು ಹೊರಗೆ ನಿಲ್ಲಬೇಕು, ಅಷ್ಟು ದೊಡ್ಡದು. ಇಪ್ಪತ್ತೆರಡು ವರ್ಷದಿಂದ ಅದರಲ್ಲೇ ನನ್ನ ಅನ್ನ. ಈ ಕಸುಬಿನಲ್ಲಿ ಒಳ್ಳೆಯ ನಾಣ್ಯಕ್ಕಿಂತ ಸುಳ್ಳು ನಾಣ್ಯವೇ ಜಾಸ್ತಿ ಓಡಾಡುತ್ತದೆ. ಕೊಳ್ಳುವ ಮೊದಲು ಹಿಡಿಯದಿದ್ದರೆ ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂರುವುದೇ ಗತಿ. ನಾನು ಇನ್ನೂ ಹಾಗೆ ಕೂತಿಲ್ಲ ಎಂದರೆ ಅದಕ್ಕೆ ಕಾರಣ ಭದ್ರಾವತಿಯ ಕಾಂತರಾಜ್.

ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯ ತಪ್ಪಿದ್ದು ಒಂದೇ ಸಲ. ಆ ಒಂದು ಸಲಕ್ಕೆ ಏನೂ ಅರಿಯದ ಹೆಣ್ಣುಮಗಳೊಬ್ಬಳು ಕಳ್ಳಿ ಅನ್ನಿಸಿಕೊಂಡು ಗಂಡನ ಮನೆಯಿಂದ ಹೊರಬಿದ್ದಳು. ಅದನ್ನು ಹೇಳುವ ಮೊದಲು ಕಾಂತರಾಜ್ ಎಂಥವರು ಎಂದು ಹೇಳಬೇಕು. ಇಲ್ಲವಾದರೆ ನೀವು ಅವರನ್ನು ಕೆಟ್ಟವರು ಅಂದುಕೊಳ್ಳುತ್ತೀರಿ. ಕೆಟ್ಟವರಲ್ಲ. ಜಂಭ ಇತ್ತು, ಅಷ್ಟೇ. ಆದರೆ ಜಂಭವೂ ಸಾಕಾಗುತ್ತದೆ.

ಅವರಿಗೆ ಈಗ ಅರವತ್ತೇಳು. ಕುಳ್ಳು ಆಳು, ದಪ್ಪ ಕನ್ನಡಕ, ಬಲಗಿವಿಯ ಮೇಲೆ ಯಾವಾಗಲೂ ಒಂದು ಚೂಪು ಪೆನ್ಸಿಲ್. ಹತ್ತೊಂಬತ್ತನೇ ವಯಸ್ಸಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದವರು. ಎರಕದ ಶೆಡ್ಡಿನಲ್ಲಿ ಮರದ ಮಾದರಿ ಮಾಡುವ ಕೆಲಸ. ಕಬ್ಬಿಣದ ಚಕ್ರ ಬೇಕಾದರೆ ಮೊದಲು ಅದನ್ನು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವವನು ಮೋಲ್ಡರ್. ಆ ಅಚ್ಚಿಗೆ ಕಾದ ಲೋಹ ಹೊಯ್ಯುತ್ತಾರೆ. ಲೋಹ ಆರಿದಾಗ ಕುಗ್ಗುತ್ತದೆ. ಆದ್ದರಿಂದ ಎರಕದ ಮಾಲು ಅಚ್ಚಿಗಿಂತ ಯಾವಾಗಲೂ ಚೂರು ಸಣ್ಣದು. ಕಾಂತರಾಜರ ನಾಣ್ಯವಿದ್ಯೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು. ಕಳ್ಳರು ಒಳ್ಳೇ ನಾಣ್ಯದಿಂದ ಅಚ್ಚು ತೆಗೆದು ನಕಲು ಹೊಯ್ಯುತ್ತಾರೆ. ನಕಲು ಕುಗ್ಗುತ್ತದೆ. ಅಳೆದರೆ ಸಿಕ್ಕಿಬೀಳುತ್ತದೆ.

ಐವತ್ಮೂರಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಪ್ರತಿ ಶನಿವಾರ ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದರು. ಕೂಲಿ ಎಂದು ಏನೂ ತೆಗೆದುಕೊಂಡವರಲ್ಲ, ಎರಡು ಟೀ, ಒಂದು ಖಾರಾ ಬನ್ನು. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ತಟ್ಟಿ ನಾದ ಕೇಳುತ್ತಿದ್ದರು. ತೂಗುತ್ತಿದ್ದರು. ಭೂತಗನ್ನಡಿಯಲ್ಲಿ ಅಂಚಿನ ಗೀರುಗಳನ್ನು ನೋಡುತ್ತಿದ್ದರು. ಕೊನೆಗೆ ತಮ್ಮ ಉಕ್ಕಿನ ಸ್ಕೇಲಿನಿಂದ ಅಳೆಯುತ್ತಿದ್ದರು. ನನ್ನ ಹತ್ತಿರ ಬ್ಯಾಟರಿ ಹಾಕುವ, ನಾಣ್ಯವನ್ನು ಕಚ್ಚಿ ಹಿಡಿದು ಅಳತೆ ತೋರಿಸುವ ಕ್ಯಾಲಿಪರ್ ಇತ್ತು, ಅದನ್ನು ಮುಟ್ಟುತ್ತಿರಲಿಲ್ಲ. "ಇದು ಮಕ್ಕಳು ಆಡೋ ಸಾಮಾನು ಮಾರಾಯ. ನನ್ನ ಸ್ಕೇಲು ನಲವತ್ತು ವರ್ಷದಿಂದ ಸುಳ್ಳು ಹೇಳಿಲ್ಲ," ಎನ್ನುತ್ತಿದ್ದರು. ಅವರು 'ಅಲ್ಲ' ಅಂದರೆ ಮುಗಿಯಿತು. ದಾವಣಗೆರೆ, ಹಾಸನದ ವ್ಯಾಪಾರಿಗಳೂ ನನಗೆ ಫೋನ್ ಮಾಡಿ "ನಿಮ್ಮ ಭದ್ರಾವತಿಯವರು ಏನಂದ್ರು?" ಎಂದು ಕೇಳುತ್ತಿದ್ದರು.

ವಿಜಯದಶಮಿ ಕಳೆದು ಎರಡನೇ ಶನಿವಾರ ಹೊಳಲೂರಿನಿಂದ ತಾಯಿ ಮಗ ಬಂದರು. ಮಗ ಸುನಿಲ್, ಬೈಪಾಸ್ ರಸ್ತೆಯ ಒಂದು ಟಯರ್ ಅಂಗಡಿಯಲ್ಲಿ ಕೆಲಸ. ತಾಯಿ ಬಂಗಾರಮ್ಮ. ಸುನಿಲ್ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದ. ಈ ವಿಡಿಯೋ ಮಾಡುವವರನ್ನು ಒಂದು ದಿನ ನನ್ನ ಅಂಗಡಿಯಲ್ಲಿ ಕೂರಿಸಬೇಕು, ಆಗ ತಿಳಿಯುತ್ತದೆ. ನಿಮ್ಮ ಮನೆಯ ಹಳೇ ರೂಪಾಯಿಗೆ ಲಕ್ಷ ಬರುತ್ತದೆ ಎಂದು ಹೇಳಿ ಅವರು ಮಲಗುತ್ತಾರೆ, ಬೆಳಿಗ್ಗೆ ಬೈಸಿಕೊಳ್ಳುವವನು ನಾನು.

ಬಂಗಾರಮ್ಮ ಸೆರಗಿನ ಗಂಟಿನಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಐದನೇ ಜಾರ್ಜನ ತಲೆ, ಇಸವಿ ೧೯೧೧. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ನಾಣ್ಯದವರು ಅದನ್ನು ಹಂದಿ ರೂಪಾಯಿ ಎನ್ನುತ್ತಾರೆ. ರಾಜನ ನಿಲುವಂಗಿಯ ಮೇಲೆ ಪುಟ್ಟ ಆನೆಯೊಂದಿದೆ. ಆ ವರ್ಷ ಅದರ ಸೊಂಡಿಲು ಮೊಂಡಾಗಿ, ಆನೆ ಹೋಗಿ ಹಂದಿಯಂತೆ ಕಂಡಿತು. ಜನ ಗಲಾಟೆ ಮಾಡಿದರು, ಸರ್ಕಾರ ವಾಪಸ್ ತೆಗೆದುಕೊಂಡು ಬಹುಪಾಲನ್ನು ಕರಗಿಸಿತು. ಹಾಗಾಗಿ ಉಳಿದವಕ್ಕೆ ಬೆಲೆ. ಲಕ್ಷವಲ್ಲದಿದ್ದರೂ ಒಂದು ಬಡ ಮನೆಗೆ ದೊಡ್ಡ ದುಡ್ಡೇ. ಬೆಲೆ ಇರುವುದರಿಂದಲೇ ಅದರ ನಕಲೂ ಜಾಸ್ತಿ.

"ನಮ್ಮತ್ತೆ ಕೊಟ್ಟಿದ್ದು ಸ್ವಾಮಿ. ಲಕ್ಷ್ಮಿ ಪೂಜೆಗೆ ಕಲಶದ ಮುಂದೆ ಇಡ್ತೀವಿ. ಮಾರೋಕೆ ನಂಗೆ ಮನಸ್ಸಿಲ್ಲ, ಇವನ ಹಟ," ಎಂದರು ಬಂಗಾರಮ್ಮ.

ನಾನು ಅದನ್ನು ಕಾಂತರಾಜರ ಮುಂದೆ ಸರಿಸಿದೆ. ಅವರು ತಟ್ಟಿ ಕೇಳಿದರು. "ಬೆಳ್ಳಿನೇ. ನಾದದಲ್ಲಿ ಮೋಸ ಇಲ್ಲ." ತೂಗಿದರು. ಇರಬೇಕಾದ್ದಕ್ಕಿಂತ ಕಾಲು ಗ್ರಾಮಿಗೂ ಜಾಸ್ತಿ ಕಡಿಮೆ ಬಂತು. ಕನ್ನಡಕ ಮೇಲಕ್ಕೆ ತಳ್ಳಿ ಮುಖ ನೋಡಿದರು. ರಾಜನ ಗಡ್ಡ, ನಿಲುವಂಗಿಯ ಕಸೂತಿ ಎಲ್ಲ ಸಾಬೂನು ಸವೆದ ಹಾಗೆ ನುಣ್ಣಗಿತ್ತು. ಆನೆಯೋ ಹಂದಿಯೋ, ಒಂದು ಉಬ್ಬು ಮಾತ್ರ ಉಳಿದಿತ್ತು. "ಮಸುಕು," ಎಂದರು. ಎರಕದ ನಕಲಿನಲ್ಲಿ ಚಿತ್ರ ಹಾಗೇ ಮಸುಕಾಗಿ ಬರುತ್ತದೆ ಎನ್ನುವುದು ನನಗೂ ಗೊತ್ತಿತ್ತು.

ಆಮೇಲೆ ಚೀಲದಿಂದ ಸ್ಕೇಲು ತೆಗೆದರು. ಆಯುಧ ಪೂಜೆಯ ವಿಭೂತಿ ಕುಂಕುಮ ಅದರ ತುದಿಯಲ್ಲಿ ಇನ್ನೂ ದಪ್ಪಗೆ ಮೆತ್ತಿಕೊಂಡಿತ್ತು. ನಮ್ಮಲ್ಲಿ ಆ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಮಣ್ಣಿನ ಲಾರಿಯವನೂ ಒರೆಸುವುದಿಲ್ಲ, ಕಂಪ್ಯೂಟರಿನವನೂ ಒರೆಸುವುದಿಲ್ಲ. ಕಾಂತರಾಜ್ ನಾಣ್ಯವನ್ನು ಸ್ಕೇಲಿನ ಮೇಲಿಟ್ಟು ಉಗುರಿನಿಂದ ಹಿಡಿದು ಓದಿದರು. ಮೂವತ್ತು ಮಿಲಿಮೀಟರ್, ಒಂದು ಕೂದಲು ಮೇಲೆ. ನಿಜವಾದ ರೂಪಾಯಿ ಮೂವತ್ತು ಮುಕ್ಕಾಲಿನ ಹತ್ತಿರ ಇರಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅಂಚಿನ ಗೀರು ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲ ಎಂಬ ಹಾಗೆ ಭೂತಗನ್ನಡಿಯನ್ನು ಮಡಚಿದರು. ಮೇಲೆ ಒಂದು ಮಾತು ಸೇರಿಸಿದರು.

"ಎರಕದ್ದು. ಒಳ್ಳೇ ಕೈ ಬಿಡಿ, ಒಂದು ತೂತಿಲ್ಲ, ಗುಳ್ಳೆ ಇಲ್ಲ. ಮರಳು ಕಟ್ಟೋದು ಬಲ್ಲ ಮೋಲ್ಡರ್ ಮಾಡಿರೋದು. ಬೇಕಾದ್ರೆ ಬರ್ಕೊಡ್ತೀನಿ, ಇದು ನಮ್ಮ ಭದ್ರಾವತಿ ಕೆಲಸ."

ಊರಿನ ಕೈಚಳಕದ ಮೇಲೆ ಅವರಿಗಿದ್ದ ಹೆಮ್ಮೆ ಅದು. ಹಾಗೆಂದು ಎರಡನೇ ಟೀ ಕುಡಿಯಲು ಹೊರಗೆ ಎದ್ದು ಹೋದರು. ನಾನು ನಕ್ಕೆ. ಸುನಿಲ್ ನಗಲಿಲ್ಲ. ಅವನ ಮುಖದ ಬಣ್ಣ ಇಳಿದು ಹೋಯಿತು.

"ಅಮ್ಮ, ಇದನ್ನ ವರ್ಷಾ ವರ್ಷಾ ತೊಳೆಯೋದು ಯಾರು?"

"ಮುಂಚೆ ನಾನು. ನೀನು ಮದುವೆಯಾದ ಮೇಲೆ ಅಕ್ಷಯಾ. ಯಾಕೋ?"

"ಹೋದ ವರ್ಷ ಬೆಳ್ಳಿ ಸಾಮಾನೆಲ್ಲ ಪಾಲಿಶ್ ಮಾಡಿಸ್ತೀನಿ ಅಂತ ತವರಿಗೆ ಗಂಟು ಕಟ್ಕೊಂಡು ಹೋಗಿರ್ಲಿಲ್ವಾ? ಭದ್ರಾವತೀಲಿ ಅವರಪ್ಪ ಏನ್ ಕೆಲಸ ಮಾಡ್ತಿದ್ದಿದ್ದು?"

ಬಂಗಾರಮ್ಮನ ಕೈ ಬಾಯಿಗೆ ಹೋಯಿತು. "ಮೋಲ್ಡರ್," ಎಂದರು ಮೆಲ್ಲಗೆ.

ಅವರ ಸಂಸಾರದ ಮಾತು ನಮಗೇಕೆ ಎಂದು ನಾನು ಗಲ್ಲಾ ಪೆಟ್ಟಿಗೆ ಸರಿಮಾಡುವ ಹಾಗೆ ತಲೆ ತಗ್ಗಿಸಿದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಒಂದು ಮಾತು, "ಸ್ವಲ್ಪ ತಾಳಪ್ಪ, ಇನ್ನೊಂದು ಕಡೆ ತೋರಿಸು" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕಾಂತರಾಜ್ ಹೇಳಿದ ಮೇಲೆ ಇನ್ನೊಂದು ಕಡೆ ಇದೆ ಎಂದೇ ನನಗೆ ಹೊಳೆಯಲಿಲ್ಲ. ಸುನಿಲ್ ಆ ರೂಪಾಯಿಯನ್ನು ಮನೆಗೆ ಒಯ್ಯಲೂ ಒಪ್ಪಲಿಲ್ಲ. "ಸುಳ್ಳು ಲಕ್ಷ್ಮಿ ನಮಗೆ ಬೇಡ, ಬೆಳ್ಳಿ ರೇಟು ಏನಿದೆಯೋ ಕೊಡಿ," ಎಂದ. ಕೊಟ್ಟೆ. ನಾಣ್ಯವನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಎಸೆದೆ.

ಮುಂದಿನ ಹತ್ತು ಹನ್ನೆರಡು ದಿನ ನಮಗೆ ಏನೂ ತಿಳಿಯದು. ಗುರುವಾರ ಕಾಂತರಾಜ್ ಭದ್ರಾವತಿಯ ತಮ್ಮ ಬೀದಿಯ ಟೀ ಅಂಗಡಿಯಲ್ಲಿ ಕೂತಿದ್ದಾಗ ಸುದ್ದಿ ಕಿವಿಗೆ ಬಿತ್ತು. ಜಟ್ಟಪ್ಪನ ಮಗಳನ್ನು ಗಂಡನ ಮನೆಯವರು ಹೊರಗೆ ಹಾಕಿದ್ದಾರೆ, ಅತ್ತೆಯ ಪೂಜೆಯ ರೂಪಾಯಿ ಕದ್ದು ಅಪ್ಪನ ಕೈಲಿ ನಕಲು ಮಾಡಿಸಿ ಇಟ್ಟಳಂತೆ, ಶಿವಮೊಗ್ಗದಲ್ಲಿ ಯಾರೋ ದೊಡ್ಡ ಪರಿಣತರು ನೋಡಿ ಹೇಳಿದರಂತೆ. ಶುಕ್ರವಾರ ಹನ್ನೊಂದು ಗಂಟೆಗೆ ಜಟ್ಟಪ್ಪನ ಮನೆಯಲ್ಲೇ ಎರಡೂ ಕಡೆಯ ಹಿರಿಯರು ಸೇರುತ್ತಾರೆ, ಬಿಡುಗಡೆ ಬರೆಸಿಕೊಳ್ಳುವುದಕ್ಕೆ.

ಕಾಂತರಾಜರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತಂತೆ. ಜಟ್ಟಪ್ಪ ಬೇರೆ ಯಾರೂ ಅಲ್ಲ. ಇಪ್ಪತ್ತಾರು ವರ್ಷ ಒಂದೇ ಶೆಡ್ಡಿನಲ್ಲಿ ಕಾಂತರಾಜರ ಮರದ ಮಾದರಿಗೆ ಮರಳಿನ ಅಚ್ಚು ಕಟ್ಟಿದ ಮೋಲ್ಡರ್. ಊಟದ ಡಬ್ಬಿ ಹಂಚಿಕೊಂಡವರು. ಅಕ್ಷಯಾ ಹುಟ್ಟಿದಾಗ ತೊಟ್ಟಿಲು ಮಾಡಿಕೊಟ್ಟಿದ್ದು ಇದೇ ಕಾಂತರಾಜ್. ಮೂರು ವರ್ಷದಿಂದ ಇಬ್ಬರಿಗೂ ಸಂಪರ್ಕ ಕಡಿಮೆಯಾಗಿತ್ತು, ಮಗಳನ್ನು ಹೊಳಲೂರಿಗೆ ಕೊಟ್ಟಿದ್ದು ಗೊತ್ತಿತ್ತೇ ಹೊರತು ಅಳಿಯನ ಮುಖ ನೆನಪಿರಲಿಲ್ಲ.

ಎದ್ದು ನೇರ ಜಟ್ಟಪ್ಪನ ಮನೆಗೆ ಹೋದರು. ಹೋದದ್ದು ತಪ್ಪೊಪ್ಪಿಗೆಗಲ್ಲ. ನಾಣ್ಯ ಸುಳ್ಳು ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಜಗಲಿಯಲ್ಲೇ ನಿಂತು ಕೇಳಿದರು.

"ಜಟ್ಟಿ, ಹೇಳಿದ ಪರಿಣತ ನಾನೇ ಕಣೋ. ನೀನು ಅಂತ ಗೊತ್ತಿರಲಿಲ್ಲ. ಈಗ ಖುದ್ದು ಕೇಳ್ತೀನಿ. ಮಾಡಿದೀಯಾ?"

ಜಟ್ಟಪ್ಪ ಎದ್ದು ನಿಂತರು. "ಇಲ್ಲ."

"ನಾನು ಅಳೆದಿದೀನಿ. ಅರ್ಧ ಮಿಲಿಮೀಟರಿಗೂ ಜಾಸ್ತಿ ಕುಗ್ಗಿದೆ."

"ಮಾಡಿಲ್ಲ ಅಂದೆ. ನನ್ನ ಮಗಳ ತಲೆ ಮುಟ್ಟಿ ಹೇಳ್ಲಾ?"

"ಆಣೆ ಬೇಡ. ಕಷ್ಟ ಇತ್ತು, ಮಾಡಿದೆ ಅಂದ್ರೆ ನಾನು ಹೆಂಗಾದ್ರೂ ಸಂಭಾಳಿಸ್ತೀನಿ."

ಆಗ ಜಟ್ಟಪ್ಪನ ದನಿ ಏರಿತು. "ಲೋ ಕಾಂತ, ಎರಕ ಕುಗ್ಗುತ್ತೆ ಅಂತ ಗೊತ್ತಿಲ್ಲದೋನಾ ನಾನು? ನಿನ್ನ ಹತ್ರ ಅಳತೆ ಮಾಡಿಸೋ ಅಂಗಡಿಗೆ ಹೋಗೋ ನಾಣ್ಯಾನ ಕುಗ್ಗಿಸಿ ಕಳಿಸ್ತೀನಾ? ನಡಿ ಮನೆಗೆ. ನೀನು, ನಿನ್ನ ಕುಗ್ಗೋ ಸ್ಕೇಲು."

ಬಾಗಿಲ ಹಿಂದೆ ಅಕ್ಷಯಾ ನಿಂತಿದ್ದಳು. ಅತ್ತೂ ಅತ್ತೂ ಅವಳ ಮುಖ ಊದಿತ್ತು. ಕಾಂತರಾಜ್ ತಲೆ ತಗ್ಗಿಸಿ ಬಂದುಬಿಟ್ಟರು. ಮಾತೊಂದು ಮಾತ್ರ ಅವರ ಹಿಂದೆಯೇ ಬಂತು. ಕುಗ್ಗೋ ಸ್ಕೇಲು.

ಮರದ ಮಾದರಿ ಮಾಡುವವರ ಬಳಿ ಎರಡು ಸ್ಕೇಲು ಇರುತ್ತವೆ. ಒಂದು ಎಲ್ಲರ ಹತ್ತಿರ ಇರುವಂಥದ್ದು. ಇನ್ನೊಂದು ಕೆಲಸದ್ದು, ಶೆಡ್ಡಿನವರ ಬಾಯಲ್ಲಿ ಕುಗ್ಗೋ ಸ್ಕೇಲು. ಉಕ್ಕು ಆರುವಾಗ ಕುಗ್ಗುವುದು ತುಂಬಿಬರಲಿ ಎಂದು ಅದರ ಗೆರೆಗಳನ್ನೇ ಚೂರು ಚೂರು ಉದ್ದ ಮಾಡಿ ಹೊಡೆದಿರುತ್ತಾರೆ, ನೂರಕ್ಕೆ ಎರಡರ ಲೆಕ್ಕದಲ್ಲಿ. ಅದರಲ್ಲಿ ನೂರು ಎಂದು ಗುರುತು ಹಾಕಿದರೆ ಮರ ನೂರಾ ಎರಡು ಆಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ. ತುದಿಯಲ್ಲಿ ಎರಡು ಪರ್ಸೆಂಟ್ ಎಂದು ಕೊರೆದಿರುವುದೊಂದೇ ವ್ಯತ್ಯಾಸ.

ಕಾಂತರಾಜ್ ಮನೆಗೆ ಬಂದು ಚೀಲ ಮಗುಚಿದರು. ಆಯುಧ ಪೂಜೆಗೆ ಅವರ ಹೆಂಡತಿ ಹಾಲಮ್ಮ ಪೆಟ್ಟಿಗೆಯ ಸಾಮಾನೆಲ್ಲ ಹೊರಗೆ ತೆಗೆದು ಎಣ್ಣೆ ಹಚ್ಚಿ, ಒರೆಸಿ, ಕುಂಕುಮ ಇಟ್ಟು, ಮತ್ತೆ ತುಂಬಿದ್ದರು. ಒಂದು ಸ್ಕೇಲು ಚೀಲಕ್ಕೆ, ಒಂದು ಪೆಟ್ಟಿಗೆಗೆ. ಕಾಂತರಾಜ್ ಚೀಲದ ಸ್ಕೇಲನ್ನು ಹಿಡಿದು, ಬೆರಳು ಒದ್ದೆ ಮಾಡಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಪೂಜೆಯ ಕುಂಕುಮ ಒರೆಸಿದರು. ಅಕ್ಷರ ಕಂಡಿತು. ಎರಡು ಪರ್ಸೆಂಟ್.

ಶುಕ್ರವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ನಾನು ಅಂಗಡಿಯ ಶಟರ್ ಎತ್ತುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ.

"ಆ ಹಂದಿ ರೂಪಾಯಿ ಇದೆಯಾ? ಕರಗಿಸೋಕೆ ಕೊಟ್ಯಾ?"

"ಇದೆ. ಯಾಕೆ ಕಾಂತರಾಜಣ್ಣ?"

"ನಿನ್ನ ಆ ಆಟದ ಸಾಮಾನು ತೆಗಿ ಮಾರಾಯ. ಬೇಗ."

ಕ್ಯಾಲಿಪರ್ ಕೊಟ್ಟೆ. ಅವರ ಕೈಯಿಂದ ಎರಡು ಸಲ ನಾಣ್ಯ ಜಾರಿತು. ಕೊನೆಗೆ ನಾನೇ ಹಿಡಿದೆ. ಮೂವತ್ತು ಪಾಯಿಂಟ್ ಏಳು. ಇನ್ನೊಂದು ಕಡೆಯಿಂದ ಹಿಡಿದೆ. ಅದೇ. ಭೂತಗನ್ನಡಿಯಲ್ಲಿ ಅಂಚು ನೋಡಿದೆವು. ಗೀರುಗಳು ಸವೆದಿದ್ದರೂ ಬುಡದಲ್ಲಿ ಸೀದಾ, ಚೂಪಾಗಿದ್ದವು. ಮರಳಿನಲ್ಲಿ ಹೊಯ್ದ ಅಂಚು ಹಾಗೆ ಬರುವುದೇ ಇಲ್ಲ. ನೂರು ವರ್ಷ ಹುಣಸೆಹಣ್ಣು, ಬೂದಿ, ರಂಗೋಲಿ ಪುಡಿ ಹಾಕಿ ಲಕ್ಷ್ಮಿಯ ಮುಂದೆ ಹೊಳೆಯಲಿ ಎಂದು ಉಜ್ಜಿದ ನಾಣ್ಯ ಅದು. ತೂಕ ಹೋಗಿದ್ದು, ಮುಖ ನುಣ್ಣಗಾಗಿದ್ದು ಭಕ್ತಿಯಿಂದ, ಕಳ್ಳತನದಿಂದಲ್ಲ. ಕುಗ್ಗಿದ್ದು ನಾಣ್ಯವೂ ಅಲ್ಲ. ಆ ಸ್ಕೇಲಿನ ಕೆಳಗೆ ಯಾವ ಅಸಲಿ ನಾಣ್ಯ ಇಟ್ಟರೂ ಎರಕದ ನಕಲಿನಷ್ಟೇ ಸಣ್ಣದಾಗಿ ಕಾಣುತ್ತಿತ್ತು.

ಕಾಂತರಾಜ್ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಸುಳ್ಳು ಹೇಳಲಾರೆ. ಬೆಳ್ಳಿಯ ಬೆಲೆಗೆ ಕೊಂಡ ಅಸಲಿ ಹಂದಿ ರೂಪಾಯಿ ನನ್ನ ಅಂಗೈ ಮೇಲಿತ್ತು. ವ್ಯಾಪಾರ ಮುಗಿದಿತ್ತು, ಯಾರೂ ಕೇಳುವವರಿರಲಿಲ್ಲ. "ನೀವೊಬ್ಬರೇ ಹೋಗಿ ಹೇಳಿದ್ರೆ ಸಾಕಾಗಲ್ವಾ?" ಎಂದು ನನ್ನ ಬಾಯಿ ಕೇಳಿಯೂಬಿಟ್ಟಿತು.

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. "ಆ ಹುಡುಗಿಗೆ ನಾನು ತೊಟ್ಟಿಲು ಮಾಡಿದೀನಿ ಜನಾರ್ದನ," ಎಂದರು. ನಾನು ಶಟರ್ ಎಳೆದೆ.

ಸ್ಕೂಟರಿನಲ್ಲಿ ಭದ್ರಾವತಿಗೆ ಹೊರಟಾಗ ಹತ್ತೂಕಾಲು. ಹೊಳೆ ದಾಟುವ ಮೊದಲೇ ಯಾವುದೋ ಮೆರವಣಿಗೆಯೆಂದು ಪೊಲೀಸರು ರಸ್ತೆ ತಿರುಗಿಸಿದ್ದರು. ಹಿಂದೆ ಕೂತ ಕಾಂತರಾಜ್ ಒಂದೇ ಸಮ "ಎಷ್ಟಾಯ್ತು ಗಂಟೆ?" ಎನ್ನುತ್ತಿದ್ದರು. ನಾಲ್ಕನೇ ಸಲಕ್ಕೆ ನಾನು ರೇಗಿದೆ. ಆಮೇಲೆ ಅವರು ನನ್ನ ಭುಜವನ್ನು ನೋಯುವಷ್ಟು ಹಿಡಿದು ಕೂತರು. ಸಹಿ ಬಿದ್ದಮೇಲೆ ಹೋದರೆ ಏನು ಪ್ರಯೋಜನ? ಸಹಿಗಿಂತ ಮೊದಲು ಹೋದರೂ, ಹದಿನಾಲ್ಕು ವರ್ಷ ಕಟ್ಟಿದ ಹೆಸರನ್ನು ಈ ಮನುಷ್ಯ ಅಷ್ಟು ಜನರ ಮುಂದೆ ಬಿಚ್ಚಿ ಇಡುತ್ತಾರೆಯೇ? ನನಗೆ ನಂಬಿಕೆ ಇರಲಿಲ್ಲ. ಅಂಗಳದ ಮುಂದೆ ಇಳಿದಾಗ ಹನ್ನೊಂದು ಇಪ್ಪತ್ತು.

ಜಟ್ಟಪ್ಪನ ನಡುಮನೆಯಲ್ಲಿ ಹತ್ತು ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಟೀಪಾಯಿಯ ಮೇಲೆ ಬಾಂಡ್ ಪೇಪರ್, ಅದರ ಮೇಲೆ ಪೆನ್ನು. ಸುನಿಲ್ ಪೆನ್ನಿನ ಮುಚ್ಚಳ ತೆಗೆದಿದ್ದ. ಬಂಗಾರಮ್ಮ ಗೋಡೆಗೆ ಒರಗಿದ್ದರು. ಅಕ್ಷಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಳೆ ಕೂಡ ಇರಲಿಲ್ಲ. ಎಲ್ಲ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿ ಮುಂದಿಟ್ಟಿದ್ದಳು.

"ಸಹಿ ಹಾಕಬೇಡಪ್ಪ," ಎಂದರು ಕಾಂತರಾಜ್ ಹೊಸಿಲಿನಲ್ಲೇ.

ಸುನಿಲ್ ತಲೆ ಎತ್ತಿ ನೋಡಿದ. "ಇವರೇ. ಇವರೇ ಸರ್ ಹೇಳಿದ್ದು," ಎಂದ ಹಿರಿಯರಿಗೆ, ತನ್ನ ಕಡೆಯ ಸಾಕ್ಷಿ ಬಂದಂತೆ. "ಹೇಳಿ ಸರ್, ಎಲ್ಲರಿಗೂ ಹೇಳಿ."

"ಹೇಳೋಕೇ ಬಂದೆ. ನಾಣ್ಯ ಅಸಲಿ. ಸುಳ್ಳಾಗಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ. ಹೊಳಲೂರಿನ ಹಿರಿಯರೊಬ್ಬರು, "ಅವತ್ತು ಬರ್ದು ಕೊಡ್ತೀನಿ ಅಂದಿದ್ರಂತೆ. ಇವತ್ತು ಹಿಂಗಂತೀರಿ. ಜಟ್ಟಪ್ಪ ನಿಮ್ಮ ಸ್ನೇಹಿತರಂತಲ್ಲ?" ಎಂದರು. ಅಲ್ಲಿಗೆ ಕೆಲಸ ಕೆಟ್ಟಿತು ಎಂದುಕೊಂಡೆ. ಸ್ನೇಹಿತನಿಗಾಗಿ ಮಾತು ಬದಲಿಸುತ್ತಿದ್ದಾರೆ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು. ಸುನಿಲ್ ಮತ್ತೆ ಪೆನ್ನು ಹಿಡಿದ.

ಕಾಂತರಾಜ್ ವಾದಕ್ಕೆ ಹೋಗಲಿಲ್ಲ. ನೆಲದ ಮೇಲೆ ಕೂತು, ಚೀಲದಿಂದ ಎರಡೂ ಸ್ಕೇಲು ತೆಗೆದು ಅಕ್ಕಪಕ್ಕ ಇಟ್ಟರು. "ಯಾರಾದ್ರೂ ಒಂದು ಹತ್ತು ರೂಪಾಯಿ ಕಾಯಿನ್ ಕೊಡಿ. ನನ್ನದು ಬೇಡ, ನಿಮ್ಮದು."

ಹೊಳಲೂರಿನ ಹಿರಿಯರೇ ಜೇಬಿನಿಂದ ತೆಗೆದುಕೊಟ್ಟರು. ಮೊದಲನೆಯ ಸ್ಕೇಲಿನ ಮೇಲಿಟ್ಟು ಅವರಿಗೇ ಓದಲು ಹೇಳಿದರು. ಇಪ್ಪತ್ತೇಳು. ಎರಡನೆಯದರ ಮೇಲಿಟ್ಟರು. ಹಿರಿಯರು ಕಣ್ಣು ಕಿರಿದು ಮಾಡಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಇಪ್ಪತ್ತಾರೂವರೆ.

"ಇದರಲ್ಲಿ ಅವತ್ತು ನಿಮ್ಮ ರೂಪಾಯಿ ಅಳೆದಿದ್ದು," ಎಂದರು ಕಾಂತರಾಜ್. "ಈ ಸ್ಕೇಲು ಅಚ್ಚಿನ ಕೆಲಸಕ್ಕೆ ಅಂತ ಮಾಡಿದ್ದು, ನಾಣ್ಯಕ್ಕಲ್ಲ. ಇದರ ಲೆಕ್ಕದಲ್ಲಿ ಸರ್ಕಾರ ಹೊಡೆದಿರೋ ಈ ಹತ್ತು ರೂಪಾಯಿನೂ ಕಳ್ಳ ಮಾಲೇ. ಅಂಚಿನ ಗೀರು ನೋಡ್ಬೇಕಿತ್ತು, ನೋಡ್ಲಿಲ್ಲ. ನಂಗೆ ಗೊತ್ತು ಅನ್ನೋ ಸೊಕ್ಕು. ಭದ್ರಾವತಿ ಕೆಲಸ ಅಂದಿದ್ದು ಸುಮ್ನೆ ಜಂಬಕ್ಕೆ. ಈ ಮಗು ಕದ್ದಿಲ್ಲ. ಇವಳಪ್ಪ ಮಾಡಿಲ್ಲ. ಊರಲ್ಲಿ ಯಾರು ಕೇಳಿದ್ರೂ ಕಾಂತರಾಜ್ ತಪ್ಪು ಅಳೆದ ಅಂತ ಹೇಳಿ."

ನಾನು ಕಾಗದದಿಂದ ರೂಪಾಯಿ ಬಿಚ್ಚಿ ಬಂಗಾರಮ್ಮನ ಮುಂದೆ ಇಟ್ಟೆ. ಮನಸ್ಸು ಬೆಲೆಯ ಲೆಕ್ಕ ಹಾಕುತ್ತಲೇ ಇತ್ತು, ಆದರೂ ಇಟ್ಟೆ. ಸ್ಕೇಲುಗಳು ಕೈಯಿಂದ ಕೈಗೆ ಹೋದವು. ಒಬ್ಬೊಬ್ಬರೂ ತಮ್ಮ ಜೇಬಿನ ನಾಣ್ಯ ಇಟ್ಟು ನೋಡಿದರು, ಬಸ್ಸಿನ ಚಿಲ್ಲರೆಯೆಲ್ಲ ಅಳತೆಯಾಯಿತು. ಬಂಗಾರಮ್ಮ ಎದ್ದು ಸೊಸೆಯ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು. "ನನ್ನ ಬಾಯಲ್ಲಿ ಹುಳ ಬೀಳ. ನಿನ್ನ ಕೈ ಅಡುಗೆ ಉಂಡ ಬಾಯಲ್ಲೇ ನಿನ್ನ ಕಳ್ಳಿ ಅಂದೆ," ಎಂದು ಗೋಳೋ ಎಂದು ಅತ್ತರು.

ಸುನಿಲ್ ಬಾಂಡ್ ಪೇಪರ್ ಮಡಚಿ ಜೇಬಿಗಿಟ್ಟ. "ಆಯ್ತಲ್ಲ. ಬ್ಯಾಗ್ ತಗೊಂಬಾ, ಹೊರಡೋಣ," ಎಂದ.

ಅಕ್ಷಯಾ ಕದಲಲಿಲ್ಲ.

"ಕಾಂತರಾಜ್ ಮಾಮ ಇಷ್ಟು ಜನರ ಮುಂದೆ ತಪ್ಪಾಯ್ತು ಅಂದ್ರು. ಅತ್ತೆ ಅಂದ್ರು. ನೀವು ಇನ್ನೂ ಅಂದಿಲ್ಲ," ಎಂದಳು.

ಸುನಿಲ್ ಹಿರಿಯರ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. "ತಪ್ಪಾಯ್ತು," ಎಂದ, ನೆಲ ನೋಡುತ್ತಾ.

"ನಂಗಲ್ಲ. ಅಪ್ಪಂಗೆ."

ಅವನು ಜಟ್ಟಪ್ಪನ ಕಾಲು ಮುಟ್ಟಿದ. ಜಟ್ಟಪ್ಪ ಅವನ ತಲೆಯ ಮೇಲೆ ಕೈ ಇಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಅಕ್ಷಯಾ ಬಳೆಯ ಡಬ್ಬಿಯನ್ನು ಎತ್ತಿಕೊಂಡಳು. ಆದರೆ ಬಳೆ ಹಾಕಿಕೊಳ್ಳಲಿಲ್ಲ. "ನೀವು ಹೋಗಿರಿ. ಹೊಳಲೂರಲ್ಲಿ ನಮ್ಮ ಬೀದಿಯವರಿಗೆಲ್ಲ ನೀವೇ ಹೇಳಿ. ಹೇಳಿದ ಮೇಲೆ ಬರ್ತೀನಿ," ಎಂದಳು. ಹೊಳಲೂರಿನ ಹಿರಿಯರು, "ನ್ಯಾಯ," ಎಂದು ಎದ್ದರು. ಬಂಗಾರಮ್ಮ ಕಣ್ಣೊರೆಸಿಕೊಂಡು, ದಾರಿಯುದ್ದಕ್ಕೂ ತಾನೇ ಮನೆಮನೆಗೆ ಹೋಗಿ ಹೇಳುತ್ತೇನೆ ಎನ್ನುತ್ತಾ ಮಗನ ಹಿಂದೆ ಹೋದರು.

ಎಲ್ಲರೂ ಹೋಗಿ, ಅಕ್ಷಯಾ ಒಳಗೆ ಸೇರಿದ ಮೇಲೆ ನಡುಮನೆಯಲ್ಲಿ ಖಾಲಿ ಕುರ್ಚಿಗಳು, ನಾವು ಮೂವರು. ಕಾಂತರಾಜ್ ಇನ್ನೂ ನೆಲದ ಮೇಲೆಯೇ ಕೂತಿದ್ದರು. ಅವರಿಗೆ ಎದೆಯ ಭಾರ ಇಳಿದಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಹಳೇ ಸಲಿಗೆಯಲ್ಲಿ ಕೈ ಚಾಚಿ, "ಎಬ್ಬಿಸೋ ಜಟ್ಟಿ, ಮಂಡಿ ಹಿಡ್ಕೊಂಡಿದೆ," ಎಂದರು.

ಜಟ್ಟಪ್ಪ ಕೈ ಕೊಟ್ಟು ಎಬ್ಬಿಸಿದರು. ಎಬ್ಬಿಸಿ, ಕೈ ಬಿಡದೆ ಕೇಳಿದರು.

"ನಿನ್ನೆ ನಾನು ಮಾಡಿಲ್ಲ ಅಂದಾಗ ನೀನು ನಂಬ್ಲಿಲ್ಲ. ಇವತ್ತು ಸ್ಕೇಲು ತಪ್ಪಿತ್ತು ಅಂತ ಗೊತ್ತಾದ ಮೇಲೆ ಬಂದೆ. ಸ್ಕೇಲು ಸರಿ ಇದ್ದಿದ್ರೆ ಬರ್ತಿದ್ಯಾ ಕಾಂತ?"

ಕಾಂತರಾಜ್ ಏನಾದರೂ ಒಂದು ಹೇಳಿ ತೇಲಿಸಬಹುದಿತ್ತು. ನಾನಾಗಿದ್ದರೆ ತೇಲಿಸುತ್ತಿದ್ದೆ. ಅವರು ಕನ್ನಡಕ ತೆಗೆದು ಅಂಗಿಯಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲ," ಎಂದರು.

ಜಟ್ಟಪ್ಪ ತಲೆಯಾಡಿಸಿ ಅವರ ಕೈ ಬಿಟ್ಟರು. ನಾವು ಅಂಗಳಕ್ಕೆ ಇಳಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡರು.